ಮೀನು ‘ಖಾಲಿ’ ಬಿದ್ದಾಗ: ಅಕ್ವೇರಿಯಂ ಮೀನು ಯಾಕೆ ಹೊರಗೆ ಹಾರುತ್ತೆ, ತಡೆಯೋದು ಹೇಗೆ?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಆಫೀಸ್ ಕ್ಯಾಬ್‌ನಲ್ಲಿ ಕೂತು ಓದೋರಿಗಾಗಿ ಈ ವಾರದ ಮಾತಿನ ಬರಹ ರೂಪ ಇಲ್ಲಿದೆ.

ನಾನಿರೋದು ಸದಾಶಿವ ಪೇಠದ ಒಂದು ಹಳೇ ಕಟ್ಟಡದಲ್ಲಿ. ನಮ್ಮ ಮನೆ ಓನರ್ ಕಾಕೂ ಹತ್ರ ಒಂದು ಸ್ಪೇರ್ ಕೀ ಇರುತ್ತೆ. ಪುಣೆಗೆ ಬಂದ ಹೊಸತರಲ್ಲಿ ಒಂದು ದಿನ, ಹಿಂಜವಡಿಯಲ್ಲಿ ಮೀಟಿಂಗ್‌ನಲ್ಲಿದ್ದಾಗ ಅವರ ಫೋನ್ ಬಂತು: “ಅಹೋ, ತುಮಚಾ ಮಾಸಾ ಖಾಲೀ ಪಡ್ಲಾಯ್!” ನನ್ನ ಕನ್ನಡದ ಕಿವಿಗೆ ಬಿದ್ದಿದ್ದು ‘ಖಾಲಿ’ ಮಾತ್ರ. ಟ್ಯಾಂಕ್ ಒಡೆದು ನೀರೆಲ್ಲ ಖಾಲಿಯಾಯ್ತು ಅಂದುಕೊಂಡೆ. ಆಮೇಲೆ ಗೊತ್ತಾಯ್ತು, ಮರಾಠಿಯಲ್ಲಿ ಖಾಲೀ ಅಂದರೆ ಕೆಳಗೆ. ಟ್ಯಾಂಕ್ ತುಂಬಿಯೇ ಇತ್ತು. ಮೀನು ನೆಲದ ಮೇಲೆ ಬಿದ್ದಿತ್ತು.

ಅವತ್ತೇ ಒಂದು ಗಾಜಿನ ಮುಚ್ಚಳ ತಂದು ಹಾಕಿದೆ. ರಾತ್ರಿ ಒಮ್ಮೊಮ್ಮೆ ಮುಚ್ಚಳಕ್ಕೆ ‘ಟಕ್’ ಅಂತ ಬಡಿಯೋ ಸದ್ದು ಕೇಳಿಸ್ತಿತ್ತು. ಇನ್ನು ಬೀಳಲ್ವಲ್ಲ ಅಂತ ನೆಮ್ಮದಿಯಿಂದ ಮಲಗ್ತಿದ್ದೆ. ವೀಕೆಂಡಿಗೆ ಊರಿಗೆ ಹೋಗಿ ಬಂದು ನೋಡಿದರೆ ಆರರಲ್ಲಿ ಉಳಿದಿದ್ದ ಐದೂ ಮುಚ್ಚಳದ ಕೆಳಗೇ ಸತ್ತು ತೇಲ್ತಿದ್ದವು. ಈ ವಾರದ ಮಾತು ಇದೇ: ಮುಚ್ಚಳ ಬೇಕೇ ಬೇಕು, ಆದರೆ ಜಿಗಿತ ಒಂದು ಅಲರ್ಟ್ ಕೂಡ ಆಗಿರಬಹುದು. ಕಾರಣ ಹುಡುಕದೆ ಬರೀ ಮುಚ್ಚಳ ಹಾಕಿದರೆ ಅಲರ್ಟ್ ಮ್ಯೂಟ್ ಮಾಡಿದ ಹಾಗೆ. ಸರ್ವರ್ ಹೇಗೂ ಡೌನ್ ಆಗುತ್ತೆ.

ಯಾಕೆ ಹಾರುತ್ತವೆ?

ಮೊದಲನೇದು ಹುಟ್ಟುಗುಣ. ಮಲೆನಾಡಿನವರಿಗೆ ಹತ್ತುಮೀನು ಗೊತ್ತಿರುತ್ತೆ. ಮುಂಗಾರಿನ ಮೊದಲ ಮಳೆಗೆ ಹಳ್ಳದ ನೀರಿಗೆ ಎದುರಾಗಿ, ಕಲ್ಲು ಹಾರಿ ಮೇಲಕ್ಕೆ ಹತ್ತೋ ಮೀನುಗಳು. ಹರಿಯೋ ನೀರಿನ ಮೀನಿಗೆ ಜಿಗಿತ ಅಂದರೆ ದಾರಿ, ಶತ್ರುವಿನಿಂದ ಪಾರಾಗೋ ಉಪಾಯ, ಕೆಲವಕ್ಕೆ ಹುಳ ಹಿಡಿಯೋ ವಿದ್ಯೆ. ನನ್ನ ಹತ್ರ ಇದ್ದದ್ದು ಜಯಂಟ್ ಡ್ಯಾನಿಯೋ. ಅಂದರೆ ಪಶ್ಚಿಮ ಘಟ್ಟದ ಹಳ್ಳಗಳಲ್ಲೂ ಸಿಗುವ ಡೆವಾರಿಯೋ ಜಾತಿ, ಹಾರೋದರಲ್ಲಿ ಎತ್ತಿದ ಕೈ. ‘ಮಿಸ್ ಕೇರಳ’ ಅಂತ ಮಾರೋ ಮೀನೂ ಹಾಗೇ. ಅದರ ಕುಲಕ್ಕೆ 2013ರಲ್ಲಿ ಸಹ್ಯಾದ್ರಿಯ ಮೇಲೇ ‘ಸಹ್ಯಾದ್ರಿಯಾ’ ಅಂತ ಹೆಸರಿಟ್ಟರು. ಬೆಟ್ಟಾ, ಕಿಲ್ಲಿ, ಹ್ಯಾಚೆಟ್ ಮೀನುಗಳೂ ಈ ಪಟ್ಟಿಯಲ್ಲಿವೆ.

ಎರಡನೇದು ಗಾಬರಿ. ಕತ್ತಲಲ್ಲಿ ತಟ್ಟನೆ ಲೈಟ್ ಹಾಕೋದು, ಗಾಜು ಬಡಿಯೋದು, ದೊಡ್ಡ ಮೀನು ಚಿಕ್ಕದನ್ನ ಅಟ್ಟಿಸೋದು. ಹೊಸದಾಗಿ ತಂದು ಬಿಟ್ಟ ಮೊದಲ ಕೆಲವು ದಿನ ಈ ಅಪಾಯ ಜಾಸ್ತಿ.

ಮೂರನೇದು ನೀರು. ಅಮೋನಿಯಾ ಅಥವಾ ನೈಟ್ರೈಟ್ ಏರಿದರೆ, ಕರೆಂಟ್ ಹೋಗಿ ಏರ್ ಪಂಪ್ ನಿಂತು ಆಮ್ಲಜನಕ ಕಮ್ಮಿಯಾದರೆ, ಕ್ಲೋರಿನ್ ಇರೋ ನಲ್ಲಿ ನೀರು ನೇರ ಸುರಿದರೆ ಮೀನಿಗೆ ಉಸಿರು ಕಟ್ಟುತ್ತೆ, ಕಿವಿರು ಉರಿಯುತ್ತೆ. ಹಾರೋದು ಬಿಟ್ಟು ಅದಕ್ಕೆ ಬೇರೆ ದಾರಿ ಇಲ್ಲ.

ನಾನು ಮಾಡಿದ್ದ ತಪ್ಪು ಇದೇ. ಫಿಲ್ಟರ್ ಸ್ಪಂಜನ್ನ ನಲ್ಲಿ ಕೆಳಗೆ ಹಿಡಿದು ಫಳಫಳ ತೊಳೆದಿದ್ದೆ. ಅಮೋನಿಯಾವನ್ನ ನೈಟ್ರೈಟ್ ಆಗಿ, ನೈಟ್ರೈಟನ್ನ ಅಷ್ಟೇನೂ ವಿಷವಲ್ಲದ ನೈಟ್ರೇಟ್ ಆಗಿ ಬದಲಿಸೋ ಬ್ಯಾಕ್ಟೀರಿಯಾ ಇರೋದೇ ಆ ಸ್ಪಂಜಲ್ಲಿ. ಕ್ಲೋರಿನ್ ಅದನ್ನ ಕೊಂದಿತ್ತು. ಮೇಲಾಗಿ ಬೆಳೆದರೆ ಸುಮಾರು 10 ಸೆಂ.ಮೀ. ಆಗೋ ಮೀನು ಆರನ್ನ ಎರಡಡಿ ಟ್ಯಾಂಕಲ್ಲಿ ತುಂಬಿಸಿದ್ದೆ. ಮುಚ್ಚಳದ ಆ ‘ಟಕ್ ಟಕ್’ ನನಗೆ ಇದನ್ನೇ ಹೇಳ್ತಿತ್ತು.

ಮುಚ್ಚಳ ಹೇಗಿರಬೇಕು?

ಹೈಸ್ಕೂಲ್ ಫಿಸಿಕ್ಸ್ ನೆನಪಿಸಿಕೊಳ್ಳಿ. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ನೀರು ಬಿಟ್ಟ ಮೀನು ಸುಮಾರು 20 ಸೆಂ.ಮೀ. ಮೇಲಕ್ಕೆ ಹೋಗುತ್ತೆ. 3 ಮೀಟರ್ ಆದರೆ ಸುಮಾರು 45 ಸೆಂ.ಮೀ. ಹಾಗಾಗಿ ನೀರಿನ ಮಟ್ಟ ನಾಲ್ಕೈದು ಸೆಂ.ಮೀ. ಇಳಿಸೋದು ಒಳ್ಳೇದೇ, ಆದರೆ ಅದೊಂದೇ ಸಾಲದು. “ಮಧ್ಯಾಹ್ನ 1ರಿಂದ 4 ಜಿಗಿಯಬಾರದು” ಅಂತ ಪುಣೇರಿ ಪಾಟಿ ಅಂಟಿಸಿದರೂ ಮೀನು ಓದಲ್ಲ.

ಗಾಜು ನಡೆಯುತ್ತೆ. ಬಾಡಿಗೆ ಮನೆ ಬದಲಿಸ್ತಾ ಇರೋರಿಗೆ ಕಿಟಕಿಯ ಸೊಳ್ಳೆ ಜಾಲರಿಯನ್ನ ಅಲ್ಯೂಮಿನಿಯಂ ಫ್ರೇಮಿಗೆ ಹಾಕಿಸೋದು ಇನ್ನೂ ಸುಲಭ. ಹಗುರ, ಗಾಳಿಯೂ ಆಡುತ್ತೆ. ಪೈಪು, ವೈರು ಹೋಗೋ ಸಂದು ಮರೀಬೇಡಿ, ಮೀನು ಅಲ್ಲಿಂದಲೇ ಹೋಗುತ್ತೆ. ಸಂದು ಮೀನಿನ ಮೈ ದಪ್ಪಕ್ಕಿಂತ ಕಮ್ಮಿ ಇರಲಿ, ಉಳಿದದ್ದಕ್ಕೆ ಸ್ಪಂಜ್ ತುರುಕಿ. ಬೆಟ್ಟಾ ಮೇಲೆ ಬಂದು ಗಾಳಿ ಕುಡಿಯೋ ಮೀನು, ಆದ್ದರಿಂದ ನೀರಿಗೂ ಮುಚ್ಚಳಕ್ಕೂ ಮಧ್ಯೆ ಜಾಗ ಬಿಡಿ.

ಜೊತೆಗೆ ಇಷ್ಟು ಮಾಡಿ

ಬೆಳಿಗ್ಗೆ ಮೊದಲು ರೂಮಿನ ಲೈಟ್, ಸ್ವಲ್ಪ ಹೊತ್ತು ಬಿಟ್ಟು ಟ್ಯಾಂಕಿನ ಲೈಟ್. ಹೊಸ ಮೀನು ತಂದ ದಿನ ಲೈಟೇ ಬೇಡ. ತೇಲೋ ಗಿಡ, ಅಡಗೋಕೆ ಒಂದೆರಡು ಜಾಗ ಇರಲಿ. ನೀರು ಬದಲಿಸುವಾಗ ಕಾಲು ಭಾಗ ಮಾತ್ರ, ಅದೂ ಅಂಗಡಿಯಲ್ಲಿ ಸಿಗೋ ಆಂಟಿ ಕ್ಲೋರಿನ್ ಹಾಕಿ. ಸ್ಪಂಜನ್ನ ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಿ. ಮುಚ್ಚಳಕ್ಕೆ ಬಡಿಯೋ ಸದ್ದು ಹೆಚ್ಚಾದರೆ ಅವತ್ತೇ ಟೆಸ್ಟ್ ಕಿಟ್‌ನಲ್ಲಿ ನೋಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು.

ಮೀನು ನೆಲದ ಮೇಲೆ ಸಿಕ್ಕಿದರೆ ಸತ್ತಿದೆ ಅಂತ ತಕ್ಷಣ ತೀರ್ಮಾನಿಸಬೇಡಿ. ಕೈ ಒದ್ದೆ ಮಾಡಿಕೊಂಡು ಎತ್ತಿ, ಟ್ಯಾಂಕಿನ ನೀರೇ ತುಂಬಿದ ಟಬ್ಬಿಗೆ ಬಿಟ್ಟು ಏರ್ ಪಂಪ್ ಹಾಕಿ. ನಲ್ಲಿ ಕೆಳಗೆ ತೊಳೀಬೇಡಿ, ಅಂಟಿದ ಧೂಳು ಕೀಳಬೇಡಿ. ಕಿವಿರು ಆಡ್ತಿದ್ದರೆ ಆಸೆ ಇದೆ.

ಈಗ ನನ್ನ ಎರಡಡಿ ಟ್ಯಾಂಕಲ್ಲಿ ಒಂದೇ ಒಂದು ಬೆಟ್ಟಾ ಇದೆ, ಮೇಲೆ ಜಾಲರಿ. ಊರಿಗೆ ಹೊರಟಾಗಲೆಲ್ಲ ಕೀ ಕೊಡುವಾಗ ಕಾಕೂಗೆ ಹೇಳ್ತೀನಿ: ಜಾಲರಿಗೆ ಬಡಿಯೋ ಸದ್ದು ಕೇಳಿದರೆ ಫೋನ್ ಮಾಡಿ. ಅವತ್ತು ಅವರು ಮರಾಠಿಯ ‘ಖಾಲೀ’ ಹೇಳಿದಾಗಲೇ ನಾನು ಕಾರಣ ಹುಡುಕಿದ್ದಿದ್ದರೆ, ಟ್ಯಾಂಕ್ ಕನ್ನಡದ ಖಾಲಿ ಆಗ್ತಿರಲಿಲ್ಲ.

ಮುಂದಿನ ವಾರ ಸಿಗೋಣ.