ವಕ್ತಾರನ ಮಾತಿನ ಲೆಕ್ಕ

ಸರ್ಕಾರದ ವಕ್ತಾರ ಆಡುವುದು ಮೇಲಿನವರ ಮಾತು. ಅದು ಸುಳ್ಳಾದರೆ ಮುಖ ಕೆಡೋದು ಮಾತ್ರ ಅವನದು. ಅಮೆರಿಕದ ಅಧ್ಯಕ್ಷ ನಿಕ್ಸನ್ನರ ವಕ್ತಾರ ರಾನ್ ಝೀಗ್ಲರ್, 1972ರಲ್ಲಿ ವಾಟರ್‌ಗೇಟ್ ಪ್ರಕರಣವನ್ನು ಮೂರನೇ ದರ್ಜೆಯ ಕಳ್ಳತನದ ಯತ್ನ ಅಂತ ತಳ್ಳಿಹಾಕಿದ್ದರು. 1973ರ ಏಪ್ರಿಲ್ 17ರಂದು ನಿಕ್ಸನ್ ಬೇರೆಯೇ ರಾಗ ತೆಗೆದರು. ಹಾಗಾದರೆ ಹಳೇ ಹೇಳಿಕೆಗಳ ಗತಿಯೇನು? ವರದಿಗಾರರು ಬಿಡದೆ ಕೇಳಿದರು. ಕೊನೆಗೆ ಝೀಗ್ಲರ್, ಹಿಂದಿನವು ಈಗ ಚಾಲ್ತಿಯಲ್ಲಿಲ್ಲ ಎಂದರು. ಸುಳ್ಳು ಅನ್ನಲಿಲ್ಲ!

ಕಾಮರ್ಸ್ ಓದುವ ನಮಗೆ ಗೊತ್ತು: ಲೆಕ್ಕದ ಪುಸ್ತಕದಲ್ಲಿ ತಪ್ಪು ನಮೂದನ್ನು ಅಳಿಸೋ ಹಾಗಿಲ್ಲ, ತಿದ್ದುಪಡಿಯ ನಮೂದನ್ನೇ ಬರೀಬೇಕು. ಝೀಗ್ಲರ್ ಅದನ್ನು ಬರೆದದ್ದು ಮೇ 1ರಂದು, ತಾವು ಬೈದಿದ್ದ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯ ಕ್ಷಮೆ ಕೇಳಿ. 1974ರ ಆಗಸ್ಟ್‌ನಲ್ಲಿ ನಿಕ್ಸನ್ನರೇ ರಾಜೀನಾಮೆ ಕೊಟ್ಟರು. ಮಿತ್ರರೇ, ವಕ್ತಾರರ ಇಂದಿನ ಹೇಳಿಕೆ ಓದುವಾಗ ನಿನ್ನೆಯ ಪುಟವನ್ನೂ ತೆರೆದಿಡೋಣ.