ಗಣಕಯಂತ್ರಗಳ ನಡುವೆ ಚಿತ್ರಗಳ ರವಾನೆ

ಬೆಳೆಗೆ ತಗುಲಿದ ರೋಗವನ್ನು ತಜ್ಞರಿಗೆ ತೋರಿಸಬೇಕಾದಾಗ ಎಲೆಯನ್ನಾಗಲಿ ಕಾಯಿಯನ್ನಾಗಲಿ ಕಿತ್ತು ಕಳುಹಿಸುವುದರ ಜೊತೆಗೆ, ಅದರ ಛಾಯಾಚಿತ್ರವನ್ನು ಕ್ಷಣಮಾತ್ರದಲ್ಲಿ ಕಳುಹಿಸುವ ಅನುಕೂಲವೂ ಈಗ ಉಂಟಾಗಿದೆ. ಕರ್ನಾಟಕದ ಬೆಳೆ ಸಮೀಕ್ಷೆಯಲ್ಲಿಯೂ ಹೊಲದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಕಳುಹಿಸುವ ಕ್ರಮವುಂಟು. ಆದರೆ ಚಿತ್ರವು ಪೂರ್ಣವಾಗಿ ತಲಪಿದರೆ ಮಾತ್ರ ಪ್ರಯೋಜನ. ಅರ್ಧ ತಲಪಿದ ಚಿತ್ರದಲ್ಲಿ ಅನೇಕ ವೇಳೆ ಮೇಲ್ಭಾಗವು ಸ್ಪಷ್ಟವಾಗಿದ್ದು, ಕೆಳಭಾಗವು ಬರಿಯ ಬೂದುಬಣ್ಣವಾಗಿ ಕಾಣುವುದು. ರೋಗದ ಚಿಹ್ನೆಯು ಆ ಕೆಳಭಾಗದಲ್ಲಿಯೇ ಇದ್ದಲ್ಲಿ, ಔಷಧಿಯನ್ನು ಸಿಂಪಡಿಸತಕ್ಕ ಕಾಲವು ವ್ಯರ್ಥವಾಗಿ ಮೀರಿಹೋಗಬಹುದು. ಆದುದರಿಂದ ಚಿತ್ರವು ಸಾಗುವ ಬಗೆಯನ್ನೂ, ಅದು ತುಂಡಾಗುವ ಕಾರಣವನ್ನೂ, ಅದಕ್ಕೆ ಪರಿಹಾರವನ್ನೂ ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರುವುದು ಯುಕ್ತವಾಗಿದೆ.

ಗಣಕಯಂತ್ರಕ್ಕೆ ಚಿತ್ರವೆಂದರೆ 0 ಯಿಂದ 255 ರ ವರೆಗಿನ ಅಂಕಿಗಳ ಒಂದು ದೀರ್ಘವಾದ ಸಾಲು. ಈ ಒಂದೊಂದು ಅಂಕಿಗೂ ಬೈಟ್ ಎಂದು ಹೆಸರು. ಈ ಸಾಲನ್ನು ಹೊರಕ್ಕೆ ಬಿಡುವುದಕ್ಕೂ ಒಳಕ್ಕೆ ತೆಗೆದುಕೊಳ್ಳುವುದಕ್ಕೂ ಯಂತ್ರದಲ್ಲಿ ಏರ್ಪಡಿಸುವ ದ್ವಾರವೇ ಸಾಕೆಟ್. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದವರು 1983 ರಲ್ಲಿ ಹೊರತಂದ ಯೂನಿಕ್ಸ್ ವ್ಯವಸ್ಥೆಯ ಮೂಲಕ ಇದು ಪ್ರಚಾರಕ್ಕೆ ಬಂದು, ಇಂದಿಗೂ ಬಹುಮಟ್ಟಿಗೆ ಅದೇ ರೂಪದಲ್ಲಿ ಬಳಕೆಯಲ್ಲಿರುತ್ತದೆ.

ಕೆಲಸ ನಡೆಯುವ ಕ್ರಮವು ಹೀಗಿದೆ. ಸ್ವೀಕರಿಸುವ ಯಂತ್ರವು ಒಂದು ಸಾಕೆಟನ್ನು ತೆರೆದು, 65,535 ಕ್ಕೆ ಮೀರದ ಒಂದು ಪೋರ್ಟ್ ಸಂಖ್ಯೆಯನ್ನು ಅದಕ್ಕೆ ಗೊತ್ತುಮಾಡಿ, ಕರೆಯನ್ನು ಎದುರುನೋಡುತ್ತಿರುವುದು. ಕಳುಹಿಸುವ ಯಂತ್ರವು ತಾನೂ ಒಂದು ಸಾಕೆಟನ್ನು ತೆರೆದು, ಆ ಯಂತ್ರದ ವಿಳಾಸಕ್ಕೂ ಪೋರ್ಟಿಗೂ ಕರೆ ಕಳುಹಿಸುವುದು. ಕರೆಯು ಅಂಗೀಕೃತವಾದೊಡನೆ ಎರಡಕ್ಕೂ ನಡುವೆ ದಾರಿಯು ತೆರೆಯುತ್ತದೆ.

ಈ ದಾರಿಯನ್ನು ಕಾಯುವ ನಿಯಮಾವಳಿಗೆ ಟಿಸಿಪಿ ಎಂದು ಹೆಸರು. ಇದರ ಮೂಲವಿಚಾರವನ್ನು ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬವರು 1974 ರಲ್ಲಿ ಪ್ರಕಟಿಸಿದರು. ಇದು ಬೈಟುಗಳನ್ನು ಸಣ್ಣ ಕಟ್ಟುಗಳಾಗಿ ಮಾಡಿ, ಕ್ರಮಸಂಖ್ಯೆ ಕೊಟ್ಟು, ದಾರಿಯಲ್ಲಿ ಕಳೆದುದನ್ನು ಮತ್ತೆ ಕಳುಹಿಸಿ, ಮುಂಚುಹಿಂಚಾಗಿ ಬಂದುದನ್ನು ಸರಿಪಡಿಸುತ್ತದೆ. ಒಂದು ಕಟ್ಟಿಗೆ 1,460 ಬೈಟುಗಳಂತೆ ಹಿಡಿದರೆ, 3,00,000 ಬೈಟುಗಳ ಚಿತ್ರಕ್ಕೆ 206 ಕಟ್ಟುಗಳು ಬೇಕಾಗುತ್ತವೆ.

ಹೀಗಿದ್ದರೂ ಚಿತ್ರವು ತುಂಡಾಗುವುದೇಕೆ? ಟಿಸಿಪಿಯು ಕಾಲುವೆಯ ನೀರಿನಂತೆ. ತೂಬಿನಿಂದ ಎರಡು ಸಲ ಬಿಟ್ಟ ನೀರು ಕಾಲುವೆಯಲ್ಲಿ ಕೂಡಿಹೋದ ಮೇಲೆ, ಮೊದಲನೆಯದು ಎಲ್ಲಿ ಮುಗಿಯಿತು, ಎರಡನೆಯದು ಎಲ್ಲಿ ಮೊದಲಾಯಿತು ಎಂದು ಹೇಳಲಾಗದು. ಅದರಂತೆಯೇ ಒಂದೇ ಸಲ ಬಿಟ್ಟ ಬೈಟುಗಳು ಆಚೆಯಲ್ಲಿ ಹತ್ತು ಸಲವಾಗಿ ಬರಬಹುದು. ಎರಡು ಚಿತ್ರಗಳ ಬೈಟುಗಳು ಒಟ್ಟಿಗೆ ಬರಲೂಬಹುದು. ಒಮ್ಮೆ ಬಂದಷ್ಟನ್ನೇ ಇಡೀ ಚಿತ್ರವೆಂದು ಭಾವಿಸುವ ಪ್ರೋಗ್ರಾಮಿನಿಂದಲೇ ಈ ದೋಷವು ಹೆಚ್ಚಾಗಿ ಉಂಟಾಗುತ್ತದೆ.

ಇದಕ್ಕೆ ಪರಿಹಾರವು ಭತ್ತದ ಮೂಟೆಗಳನ್ನು ಸಾಗಿಸುವವರಿಗೆ ಚೆನ್ನಾಗಿ ತಿಳಿದುದೇ ಆಗಿದೆ. ಇಷ್ಟು ಮೂಟೆಗಳೆಂದು ಬರೆದ ಚೀಟಿಯು ಮೊದಲ ಗಾಡಿಯಲ್ಲಿಯೇ ಹೋದರೆ, ಎಣಿಕೆಯು ಸರಿಹೋಗುವವರೆಗೆ ಮಂಡಿಯವನು ಕಾಯುವನು. ಹಾಗೆಯೇ ಚಿತ್ರಕ್ಕೆ ಮೊದಲು ಅದರ ಉದ್ದವನ್ನು 4 ಬೈಟುಗಳಲ್ಲಿ ಕಳುಹಿಸತಕ್ಕದ್ದು. ಸ್ವೀಕರಿಸುವ ಯಂತ್ರವು ಆ ಲೆಕ್ಕವು ತುಂಬುವವರೆಗೆ ತೆಗೆದುಕೊಳ್ಳುತ್ತಲೇ ಇರತಕ್ಕದ್ದು. ಮಧ್ಯದಲ್ಲಿ ಸಂಪರ್ಕವು ಮುಗಿದರೆ, ಬಂದ ಭಾಗವನ್ನು ಪೂರ್ಣಚಿತ್ರವೆಂದು ದಾಖಲು ಮಾಡಕೂಡದು.

ಆ 4 ಬೈಟುಗಳ ಕ್ರಮದಲ್ಲಿಯೂ ಉಭಯರಿಗೂ ಒಪ್ಪಂದವಿರಬೇಕು. 3,00,000 ವನ್ನು ದೊಡ್ಡ ಸ್ಥಾನವು ಮೊದಲಾಗುವಂತೆ ಬರೆದರೆ 0, 4, 147, 224 ಎಂದಾಗುತ್ತದೆ. ಜಾಲದಲ್ಲಿ ರೂಢಿಯಾದ ಕ್ರಮವು ಇದೇ. ಇದನ್ನು ತಿರುವುಮುರುವಾಗಿ ಓದಿದ ಯಂತ್ರವು 376 ಕೋಟಿಗೂ ಮಿಕ್ಕ ಬೈಟುಗಳನ್ನು ನಿರೀಕ್ಷಿಸುತ್ತಾ, ಬಾರದ ಚಿತ್ರಕ್ಕಾಗಿ ಕಾದುಕೊಂಡಿರುವುದು. ಆದುದರಿಂದ ಸ್ವೀಕರಿಸತಕ್ಕ ಗಾತ್ರಕ್ಕೆ ಒಂದು ಮಿತಿಯನ್ನೂ ಗೊತ್ತುಮಾಡಿರುವುದು ಕ್ಷೇಮ.

ಇನ್ನೊಂದು ಅಂಶವನ್ನು ಮುಖ್ಯವಾಗಿ ಗಮನಿಸತಕ್ಕದ್ದು. ಕಳುಹಿಸುವ ಯಂತ್ರದಲ್ಲಿ ರವಾನೆಯ ಆಜ್ಞೆಯು ಸಫಲವಾಯಿತೆಂದರೆ, ಬೈಟುಗಳು ಅದೇ ಯಂತ್ರದ ಒಳಗಿನ ಉಗ್ರಾಣವನ್ನು ಸೇರಿದವು ಎಂದಷ್ಟೇ ಅರ್ಥ. ಆಚೆಯವರಿಗೆ ಮುಟ್ಟಿದವೆಂದು ಅರ್ಥವಲ್ಲ. ಅದಕ್ಕೋಸ್ಕರ ಇಡೀ ಕಡತದಿಂದ ಶಾ-256 ಎಂಬ ಗಣಿತಕ್ರಮದಂತೆ 32 ಬೈಟುಗಳ ಮುದ್ರೆಯೊಂದನ್ನು ಲೆಕ್ಕಹಾಕಿ ಜೊತೆಯಲ್ಲಿ ಕಳುಹಿಸುವುದು ಉತ್ತಮ. ಸ್ವೀಕರಿಸಿದ ಯಂತ್ರವು ತಾನೂ ಲೆಕ್ಕಹಾಕಿ, ಎರಡೂ ಒಂದೇ ಆಗಿದ್ದರೆ ರಸೀತಿಯನ್ನು ಹಿಂದಕ್ಕೆ ಕಳುಹಿಸತಕ್ಕದ್ದು.

ಸಹಕಾರ ಸಂಘಕ್ಕಾಗಲಿ ಸ್ವಂತ ತೋಟಕ್ಕಾಗಲಿ ಇಂಥ ಪ್ರೋಗ್ರಾಮನ್ನು ಬರೆಯಿಸುವವರು ಉದ್ದ, ಪೂರ್ಣ ಸ್ವೀಕಾರ, ಮುದ್ರೆ, ರಸೀತಿ ಎಂಬ ಈ ನಾಲ್ಕೂ ಅದರಲ್ಲಿ ಇರುವುವೇ ಎಂದು ಕೇಳಿ ತಿಳಿದುಕೊಳ್ಳಬೇಕು. ಚಿತ್ರವನ್ನು ಕಳುಹಿಸುವವರು ರಸೀತಿಯು ಬರುವವರೆಗೆ ಮೂಲಚಿತ್ರವನ್ನು ಅಳಿಸಕೂಡದು. ಏಕೆಂದರೆ ಎಲೆಯು ಉದುರಿದ ಮೇಲೆ, ಪೈರು ಕೊಯ್ಲಾದ ಮೇಲೆ, ಆ ಚಿತ್ರವನ್ನು ಮತ್ತೆ ತೆಗೆಯುವುದು ಯಾರಿಂದಲೂ ಸಾಧ್ಯವಲ್ಲ.