ಶ್ವಾಸಕೋಶದಲ್ಲಿ ಸಿಕ್ಕ ಕಂದು ಚುಕ್ಕೆ

ಬೆರಳ ತುದಿಯಷ್ಟು ಮೇಣದ ತುಂಡು. ಅದರೊಳಗೆ ಶ್ವಾಸಕೋಶದಿಂದ ಸೂಜಿ ಹಾಕಿ ತೆಗೆದ ಎಳೆಯಷ್ಟು ಮಾಂಸ. ಕಲ್ಯಾಣ, ಡೊಂಬಿವಲಿಯ ಎಷ್ಟೋ ಮನೆಯವರು ಇಂಥ ‘ಬ್ಲಾಕ್’ ಅನ್ನು ಕೈಚೀಲದಲ್ಲಿ ಜೋಪಾನವಾಗಿಟ್ಟುಕೊಂಡು ಲೋಕಲ್ ಹತ್ತುತ್ತಾರೆ. ಕೆಲವರು ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ, ಕೆಲವರು ಥಾಣೆಯಲ್ಲಿ ಗಾಡಿ ಬದಲಿಸಿ ನವಿ ಮುಂಬಯಿಯ ಖಾರ್ಘರ್‌ನಲ್ಲಿರುವ ಟಾಟಾದ್ದೇ ಕೇಂದ್ರವಾದ ಆಕ್ಟ್ರೆಕ್‌ಗೆ. ಆ ತುಂಡಿನೊಳಗೆ ಏನೆಲ್ಲ ಅಡಗಿರಬಹುದೆಂದು ತಿಳಿದ ಮೇಲೆ ಮೈ ಜುಮ್ಮೆನ್ನುತ್ತದೆ!

ನಟ್ ಕಾರ್ಸಿನೋಮವನ್ನೇ ನೋಡಿ. ಬಲು ಅಪರೂಪದ, ಬಲು ಉಗ್ರ ಕ್ಯಾನ್ಸರ್. ಸಿಗರೇಟು ಮುಟ್ಟದ ಹರೆಯದವರನ್ನೂ ಹಿಡಿಯುತ್ತದೆ. ಪತ್ತೆಯಾದವರಲ್ಲಿ ಅರ್ಧದಷ್ಟು ಮಂದಿ ಏಳು ತಿಂಗಳು ದಾಟುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಅದು ಮಾಮೂಲಿ ಸ್ಕ್ವೇಮಸ್ ಕ್ಯಾನ್ಸರಿನ ವೇಷದಲ್ಲೇ ಕೂತಿರಬಹುದು. ನಮ್ಮಲ್ಲಂತೂ ಬಿಡದ ಕೆಮ್ಮು, ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ ಎಂದರೆ ಮೊದಲು ಹೊಳೆಯುವುದು ಕ್ಷಯ. ಅಮೂಲ್ಯ ವಾರಗಳು ಅಲ್ಲೇ ಸೋರಿಹೋಗುತ್ತವೆ.

ಹಾಗಾದರೆ ಹಿಡಿಯುವುದು ಹೇಗೆ? ಇಲ್ಲಿದೆ ಬೆರಗು! ನಟ್ ಎಂಬ ಪ್ರೋಟೀನು ಆರೋಗ್ಯವಂತ ದೇಹದಲ್ಲಿ ವೃಷಣದ ಬೀಜಕಣಗಳನ್ನು ಬಿಟ್ಟರೆ ಬೇರೆಲ್ಲೂ ಸುಳಿಯುವುದಿಲ್ಲವೆಂದೇ ಹೇಳಬಹುದು. 15ನೇ ಕ್ರೋಮೋಸೋಮಿನ ಅದರ ಜೀನ್ ತುಂಡಾಗಿ, ಹೆಚ್ಚಾಗಿ 19ನೆಯದರ ಬಿಆರ್‌ಡಿ4 ಜೀನಿಗೆ ಹೋಗಿ ಬೆಸೆದುಕೊಂಡಾಗ ಈ ಕ್ಯಾನ್ಸರ್ ಹುಟ್ಟುತ್ತದೆ. ಈ ಬೆಸುಗೆಯನ್ನು 2003ರಲ್ಲಿ ಗುರುತಿಸಿದವರು ಬಾಸ್ಟನ್ನಿನ ಕ್ರಿಸ್ಟೋಫರ್ ಫ್ರೆಂಚ್ ಮತ್ತು ಸಂಗಡಿಗರು. 2009ರಲ್ಲಿ ಬಂದ ಒಂದು ಪ್ರತಿಕಾಯ ಈ ಪ್ರೋಟೀನನ್ನಷ್ಟೇ ಹುಡುಕಿ ಅಂಟಿಕೊಳ್ಳುತ್ತದೆ. ಮೇಣದಿಂದ ಕೊಯ್ದ ತೆಳು ಪದರದ ಮೇಲೆ ಅದನ್ನು ಹಾಕಿದರೆ ಜೀವಕಣಗಳ ಕೇಂದ್ರಗಳಲ್ಲಿ ಕಂದು ಚುಕ್ಕೆಗಳು ಎರಚಿದಂತೆ ಮೂಡುತ್ತವೆ. ವೃಷಣದಲ್ಲಿರಬೇಕಾದದ್ದು ಶ್ವಾಸಕೋಶದಲ್ಲಿ! ಆಗಿನ ಪರೀಕ್ಷೆಯಲ್ಲಿ ಆ ಪ್ರತಿಕಾಯ ನಿಜವಾದ ನಟ್ ಗಡ್ಡೆಗಳಲ್ಲಿ ನೂರಕ್ಕೆ 87ನ್ನು ಹಿಡಿಯಿತು, ಬೇರೆ ಯಾವ ಕ್ಯಾನ್ಸರನ್ನೂ ತಪ್ಪಾಗಿ ತೋರಿಸಲಿಲ್ಲ.

ಆದರೆ ಆ ಬಣ್ಣ ತಾನಾಗಿ ಮೂಡುವುದಿಲ್ಲ, ಯಾರಾದರೂ ಹಾಕಬೇಕು. ಎದೆಯ ನಡುಭಾಗದಲ್ಲಿ ಬಲಿಯದ ಕಣಗಳ ಗಡ್ಡೆ ದಿಢೀರನೆ ಬೆಳೆದಿದ್ದರೆ, ರೋಗಿಯ ವಯಸ್ಸು ಎಷ್ಟೇ ಇರಲಿ, ನಟ್ ಪರೀಕ್ಷೆ ಮಾಡಿದ್ದೀರಾ ಎಂದು ವೈದ್ಯರನ್ನು ಕೇಳಲು ದಯವಿಟ್ಟು ಸಂಕೋಚಪಡಬೇಡಿ.

ಇನ್ನೊಂದನ್ನು ಹೇಳದೆ ಇರಲಾರೆ. ಈ ಕಣಗಳು ಹುಚ್ಚೆದ್ದು ಬೆಳೆಯುವುದು ಬಲಿಯಲು ಆಗದ್ದರಿಂದ. ಪ್ರಯೋಗಾಲಯದಲ್ಲಿ ಆ ಬೆಸೆದ ಜೀನಿನ ಬಾಯಿ ಮುಚ್ಚಿಸಿದಾಗ ಅವೇ ಕಣಗಳು ಚಪ್ಪಟೆಯಾಗಿ, ಚರ್ಮದ ಕಣಗಳಂತೆ ಬಲಿತು, ಒಡೆಯುವುದನ್ನೇ ನಿಲ್ಲಿಸಿದವು! ಬಿಆರ್‌ಡಿ4ಕ್ಕೆ ತಡೆಯೊಡ್ಡುವ ಔಷಧಗಳನ್ನು ಈಗ ರೋಗಿಗಳಲ್ಲಿ ಪರೀಕ್ಷಿಸುತ್ತಿರುವುದು ಇದೇ ಆಸೆಯಿಂದ.